ಕಂದು ಹಾಳೆ, ಕೆಂಪು ಪುಡಿ: ನಿಮ್ಮ ಇಯಾಂಬ್ಲಿಕಸ್ ಯಾವ ಕಾಲದ್ದು?

ಪ್ರಶ್ನೆ: ನಾನು ಬಂಗಾರಪೇಟೆಯವನು. ಹೋದ ತಿಂಗಳು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಹಳೇ ಪೇಪರ್ ಅಂಗಡಿಯ ರಾಶಿಯಿಂದ ಒಂದು ಇಂಗ್ಲಿಷ್ ಪುಸ್ತಕ ಎತ್ತಿಕೊಂಡೆ, 250 ರೂಪಾಯಿ ಕೊಟ್ಟೆ. ಮೊದಲ ಕೆಲವು ಹಾಳೆ ಕಿತ್ತುಹೋಗಿವೆ. ನೆಟ್‌ನಲ್ಲಿ ಹೋಲಿಸಿ ನೋಡಿದರೆ ಅದು ಗ್ರೀಕ್ ತತ್ವಜ್ಞಾನಿ ಇಯಾಂಬ್ಲಿಕಸ್ 'ರಹಸ್ಯ'ಗಳ ಬಗ್ಗೆ ಬರೆದ ಪುಸ್ತಕ, ಥಾಮಸ್ ಟೇಲರ್ ಮಾಡಿದ ಅನುವಾದ. 1821ರಲ್ಲಿ ಬಂದದ್ದಂತೆ. ಹಾಳೆ ಕಂದಾಗಿದೆ, ಮೂಲೆ ಮುಟ್ಟಿದರೆ ಮುರಿಯುತ್ತೆ. ಚರ್ಮದ ಬೈಂಡಿಂಗ್ ಕೆಂಪು ಪುಡಿಯಾಗಿ ಕೈಗೆ ಅಂಟುತ್ತೆ. ಹಿಂದಿನ ರಟ್ಟಿನ ಒಳಗೆ ಪೆನ್ಸಿಲ್‌ನಲ್ಲಿ ಯಾರದೋ ಇನಿಷಿಯಲ್, ಕೆಳಗೆ 'ಊರ್ಗಾಂ, 1911' ಅಂತಿದೆ. ಇದು ಮೊದಲ ಮುದ್ರಣವೇ? ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚಲೇ? ಇಂಥ ಪುಸ್ತಕ ಕೂಡಿಸುವ ಆಸೆ ಹುಟ್ಟಿದೆ, ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಎಣ್ಣೆ ವಿಷಯ. ಹಚ್ಚಬೇಡಿ. ಕೊಬ್ಬರಿ ಎಣ್ಣೆಯೂ ಬೇಡ, ಹರಳೆಣ್ಣೆಯೂ ಬೇಡ, ಶೂ ಪಾಲಿಶ್ ಅಂತೂ ಬೇಡವೇ ಬೇಡ. ಒಂದು ವಾರ ಚರ್ಮ ಮಿರಮಿರ ಮಿಂಚುತ್ತೆ, ಆಮೇಲೆ ಎಣ್ಣೆ ಒಳಗಿನ ರಟ್ಟಿಗೆ ಇಳಿಯುತ್ತೆ, ಅಲ್ಲಿಂದ ಹಾಳೆಗೆ ದಾಟುತ್ತೆ, ಧೂಳು ಹಿಡಿದು ಜಿಡ್ಡಾಗುತ್ತೆ, ಇರುವೆ ಬಂದರೂ ಬಂದವೇ. ಆ ಕೆಂಪು ಪುಡಿ ಒಂದು ರೋಗ ಇದ್ದ ಹಾಗೆ. ಚರ್ಮ ಹದ ಮಾಡಿದ ರೀತಿ ಸರಿ ಇಲ್ಲದೆ, ಗಾಳಿಯಲ್ಲಿನ ಗಂಧಕದ ಹೊಗೆ ಸೇರಿ, ಚರ್ಮ ಒಳಗೇ ಸತ್ತುಹೋಗಿರುತ್ತೆ. ಸತ್ತ ಚರ್ಮಕ್ಕೆ ಎಣ್ಣೆ ಕುಡಿಸಿದರೆ ಜೀವ ಬರಲ್ಲ. ಗೊತ್ತಿರುವ ಸಂರಕ್ಷಕರು ಕ್ಲೂಸೆಲ್-ಜಿ ಅನ್ನುವ ಪುಡಿಯನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ ತೆಳ್ಳಗೆ ಬಳಿಯುತ್ತಾರೆ, ಪುಡಿ ಉದುರೋದು ನಿಲ್ಲುತ್ತೆ. ಅದು ಸಿಗುವವರೆಗೆ ಒಂದು ಹಳೇ ಬಿಳಿ ಪಂಚೆ ತುಂಡಲ್ಲಿ ಸುತ್ತಿಡಿ, ಸಾಕು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಹಾಳೆ ಕಂದಾಗಿದೆ, ಮುರಿಯುತ್ತೆ, ಆದ್ದರಿಂದ 1821ರದ್ದೇ ಇರಬೇಕು ಅನ್ನೋದು ನಿಮ್ಮ ಲೆಕ್ಕ. ನಿಜ ಹೇಳಬೇಕು ಅಂದ್ರೆ ಲೆಕ್ಕ ಉಲ್ಟಾ. 1821ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಕಾಗದ ಮಾಡುತ್ತಿದ್ದದ್ದು ಚಿಂದಿ ಬಟ್ಟೆಯಿಂದ, ಹತ್ತಿ ಮತ್ತು ನಾರುಬಟ್ಟೆಯ ಚಿಂದಿ. ಅಂಥ ಹಾಳೆಯಲ್ಲಿ ತುಕ್ಕಿನ ಹಾಗೆ ಚುಕ್ಕೆ ಏಳಬಹುದು, ಅಂಚು ಮಾಸಬಹುದು. ಆದರೆ ಮಡಚಿದರೆ ಮಡಚಿಕೊಳ್ಳುತ್ತೆ, ಹಪ್ಪಳದ ಥರ ಮುರಿಯಲ್ಲ. ಹಪ್ಪಳವಾಗೋದು ಮರದ ತಿರುಳಿನ ಕಾಗದ, ಅದು ಬಳಕೆಗೆ ಬಂದದ್ದು 1840ರ ದಶಕದಿಂದ ಈಚೆಗೆ. ಅದರಲ್ಲಿರುವ ಆಮ್ಲವೇ ಅದನ್ನು ತಿನ್ನುತ್ತೆ. ಹಾಗಾಗಿ 200 ವರ್ಷದ ಪುಸ್ತಕ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತೆ, 100 ವರ್ಷದ್ದು ಕೈಯಲ್ಲೇ ಪುಡಿಯಾಗುತ್ತೆ. ಅಜ್ಜ ನೆಟ್ಟಗೆ ನಡೆಯುತ್ತಿದ್ದಾನೆ, ಮೊಮ್ಮಗನ ಮಂಡಿ ಹೋಗಿದೆ ಅನ್ನೋ ಹಾಗೆ.

ಬೈಂಡಿಂಗ್ ನೋಡಿಯೂ ಕಾಲ ಹೇಳಬೇಡಿ. ಆ ಕಾಲದಲ್ಲಿ ಪುಸ್ತಕ ಬರುತ್ತಿದ್ದದ್ದು ಬರೀ ರಟ್ಟು ಹಚ್ಚಿ, ಬೆನ್ನಿಗೆ ಕಾಗದದ ಚೀಟಿ ಅಂಟಿಸಿ. ಕೊಂಡವರು ತಮ್ಮ ಇಷ್ಟದ ಹಾಗೆ ಚರ್ಮ ಹಾಕಿಸಿಕೊಳ್ಳುತ್ತಿದ್ದರು, ಅದೂ ಎಷ್ಟೋ ವರ್ಷದ ಮೇಲೆ ಇನ್ನೊಬ್ಬರ ಕೈಯಲ್ಲಿ ಬದಲಾಗುತ್ತಿತ್ತು. ಒಳಗಿನ ಪುಸ್ತಕಕ್ಕೆ ಒಂದು ವಯಸ್ಸು, ಹೊರಗಿನ ಚರ್ಮಕ್ಕೆ ಇನ್ನೊಂದು.

ಹಾಗಾದರೆ ಶೀರ್ಷಿಕೆ ಪುಟವೇ ಇಲ್ಲದ ಪುಸ್ತಕದ ಕಾಲ ಕಂಡುಹಿಡಿಯೋದು ಹೇಗೆ? ಕೊನೇ ಪುಟಕ್ಕೆ ಹೋಗಿ. ಫ್ರಾನ್ಸಿನ ಕ್ರಾಂತಿಯ ಭಯದಲ್ಲಿ ಬ್ರಿಟಿಷ್ ಸರ್ಕಾರ 1799ರಲ್ಲಿ ಒಂದು ಕಾನೂನು ತಂದಿತು. ಏನೇ ಅಚ್ಚು ಹಾಕಿದರೂ ಮುದ್ರಕ ತನ್ನ ಹೆಸರು ವಿಳಾಸವನ್ನು ಮೊದಲ ಹಾಳೆಯಲ್ಲೂ ಕೊನೇ ಹಾಳೆಯಲ್ಲೂ ಹಾಕಲೇಬೇಕಿತ್ತು. ರಾಜದ್ರೋಹಿಗಳನ್ನು ಹಿಡಿಯಲು ಮಾಡಿದ ಕಾನೂನು, ಇವತ್ತು ನಮ್ಮಂಥವರ ಉಪಯೋಗಕ್ಕೆ ಬರುತ್ತಿದೆ. ಟೇಲರ್ ಈ ಪುಸ್ತಕವನ್ನು ತನ್ನ ಖರ್ಚಿನಲ್ಲೇ ಚಿಸ್ವಿಕ್‌ನ ವಿಟ್ಟಿಂಗ್‌ಹ್ಯಾಮ್ ಅಚ್ಚುಕೂಟದಲ್ಲಿ ಹಾಕಿಸಿದ. ಕೊನೇ ಪುಟದ ಅಡಿಯಲ್ಲಿ ಸಣ್ಣ ಅಚ್ಚುಮೊಳೆಯಲ್ಲಿ ಆ ಹೆಸರು, ಚಿಸ್ವಿಕ್ ಅನ್ನುವ ಊರು ಇದ್ದರೆ 1821ರ ಆಸೆ ಇಟ್ಟುಕೊಳ್ಳಬಹುದು. ಒಂದು ಎಚ್ಚರ: ಅದೇ ಅಚ್ಚುಕೂಟ ಮುಂದೆ 'ಚಿಸ್ವಿಕ್ ಪ್ರೆಸ್' ಅನ್ನುವ ಹೆಸರು ಇಟ್ಟುಕೊಂಡೇ ಲಂಡನ್ನಿನ ಟೂಕ್ಸ್ ಕೋರ್ಟ್‌ನಲ್ಲಿ ನಡೆಯಿತು. ಟೂಕ್ಸ್ ಕೋರ್ಟ್ ಅಂತ ಕಂಡರೆ ಅದು ಆಮೇಲಿನ ಕಾಲದ್ದು.

ಎರಡನೆಯದು, ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿಯಿರಿ. ನೋಟಿನಲ್ಲಿ ಗಾಂಧೀಜಿ ಕಾಣುವ ಹಾಗೆ, ಕಾಗದದ ಒಳಗೇ ನೀರಗುರುತು ಇರಬಹುದು. 1794ರ ನಂತರ ತೆರಿಗೆ ಕಾರಣಕ್ಕೆ ಇಂಗ್ಲೆಂಡಿನ ಕಾಗದ ಮಾಡುವವರು ಬಹಳ ಜನ ಇಸವಿಯನ್ನೇ ನೀರಗುರುತಾಗಿ ಹಾಕುತ್ತಿದ್ದರು. ಹತ್ತು ಹಾಳೆಯಲ್ಲಿ ಕಾಣದೆ ಹನ್ನೊಂದನೆಯದರಲ್ಲಿ 1819, 1820 ಅಂತ ಕಂಡರೆ ನೀವು ಕುರ್ಚಿಯಿಂದ ಏಳುತ್ತೀರಿ. ತಾಳ್ಮೆ ಬೇಕು, ಒಂದೊಂದು ಹಾಳೆಯಲ್ಲಿ ಅಂಕಿಯ ಕಾಲು ಭಾಗವಷ್ಟೇ ಇರುತ್ತೆ. ಮೂರನೆಯದು, ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೇ ಮುದ್ರಣಗಳ ಸ್ಕ್ಯಾನ್ ಸಿಗುತ್ತವೆ, ಪುಕ್ಕಟೆ. ಬೇರೆ ಬೇರೆ ಕಾಲದ್ದನ್ನು ಪಕ್ಕದಲ್ಲಿಟ್ಟುಕೊಂಡು ನಿಮ್ಮ ಪುಸ್ತಕದ ಯಾವುದಾದರೂ ಐದು ಪುಟದ ಮೊಳೆ, ಸಾಲು ಮುಗಿಯುವ ಜಾಗ, ಅಡಿಟಿಪ್ಪಣಿ ಕೂತಿರುವ ರೀತಿ ಹೋಲಿಸಿ. ಮೊಳೆ ಮತ್ತೆ ಜೋಡಿಸಿದರೆ ಎಲ್ಲೋ ಒಂದು ಕಡೆ ಗುಟ್ಟು ಬಿಟ್ಟುಕೊಡುತ್ತೆ.

ನನ್ನ ಊಹೆ ಕೇಳಿದರೆ, ನಿಮ್ಮದು 1895ರ ಎರಡನೇ ಮುದ್ರಣ. ಲಂಡನ್ನಿನ ಬರ್ಟ್ರಮ್ ಡೋಬೆಲ್ ಅನ್ನುವ ಪುಸ್ತಕ ವ್ಯಾಪಾರಿ ತಂದದ್ದು. ಮುರಿಯುವ ಹಾಳೆ ಅದನ್ನೇ ಹೇಳುತ್ತಿದೆ, ಊರ್ಗಾಂ ಅನ್ನುವ ಕೆಜಿಎಫ್‌ನ ವಿಳಾಸವೂ ಅದನ್ನೇ ಹೇಳುತ್ತಿದೆ. ಮುಖ ಸಪ್ಪೆ ಮಾಡಿಕೊಳ್ಳಬೇಡಿ. ಈ ಎರಡನೇ ಮುದ್ರಣವೇ ನಮ್ಮ ಕಡೆಯವರಿಗೆ ಜಾಸ್ತಿ ಸ್ವಾರಸ್ಯದ್ದು ಅಂತ ನಾನು ಬಹಳ ದಿನದಿಂದ ಹೇಳಿಕೊಂಡು ಬಂದಿದ್ದೇನೆ. ಯಾಕೆ ಅನ್ನೋದಕ್ಕೆ ಟೇಲರ್ ಕಥೆ ಸ್ವಲ್ಪ ಕೇಳಬೇಕು.

ಥಾಮಸ್ ಟೇಲರ್ 1758ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ. ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಚಿಕ್ಕ ವಯಸ್ಸಿಗೇ ಮದುವೆ, ಬಡತನ, ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸ. ಹಗಲೆಲ್ಲ ಲೆಕ್ಕ ಬರೆದು ರಾತ್ರಿ ಗ್ರೀಕ್ ಓದುತ್ತಿದ್ದ. ಆರದ ದೀಪ ಕಂಡುಹಿಡಿದೆ ಅಂತ ರಂಜಕ ಹಾಕಿದ ದೀಪವನ್ನು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಪ್ರದರ್ಶನಕ್ಕಿಟ್ಟ, ಅದು ಬೆಂಕಿ ಹತ್ತಿಕೊಂಡು ಫಜೀತಿ ಆಯಿತು. ಆದರೂ ಆ ಫಜೀತಿಯಿಂದಲೇ ನಾಲ್ಕು ಜನ ದೊಡ್ಡವರ ಪರಿಚಯವಾಗಿ ಬ್ಯಾಂಕ್ ಕೆಲಸ ಬಿಡುವ ದಾರಿ ಸಿಕ್ಕಿತು. 1787ರಲ್ಲಿ ಗ್ರೀಕ್ ಪುರಾಣದ ಗಾಯಕ ಆರ್ಫಿಯಸ್ ಹೆಸರಿನ ಸ್ತೋತ್ರಗಳನ್ನು ಇಂಗ್ಲಿಷಿಗೆ ತಂದ. ಅದೇ ವರ್ಷ ಪ್ಲೊಟೈನಸ್ ಅನ್ನುವ ತತ್ವಜ್ಞಾನಿ ಸೌಂದರ್ಯದ ಮೇಲೆ ಬರೆದ ಪ್ರಬಂಧ. ಆಮೇಲೆ ನಿಲ್ಲಲೇ ಇಲ್ಲ. 1804ರಲ್ಲಿ ಪ್ಲೇಟೋನ ಸಮಗ್ರ ಕೃತಿ ಐದು ದಪ್ಪ ಸಂಪುಟಗಳಲ್ಲಿ (ಒಂಬತ್ತು ಸಂವಾದ ಫ್ಲಾಯರ್ ಸಿಡೆನ್‌ಹ್ಯಾಮ್ ಅನ್ನುವವನದು, ಪಾಪ, ಅವನು ಸಾಲದಲ್ಲೇ ಸತ್ತ), 1806ರಿಂದ 1812ರವರೆಗೆ ಅರಿಸ್ಟಾಟಲ್ ಒಂಬತ್ತು ಸಂಪುಟ, ಅದೂ ಬರೀ 50 ಪ್ರತಿ. 1816ರಲ್ಲಿ ಪ್ರೊಕ್ಲಸ್, 1817ರಲ್ಲಿ ಮತ್ತೆ ಪ್ಲೊಟೈನಸ್, 1818ರಲ್ಲಿ ಪೈಥಾಗರಸ್‌ನ ಚರಿತ್ರೆ, 1821ರಲ್ಲಿ ನಿಮ್ಮ ಪುಸ್ತಕ, 1823ರಲ್ಲಿ ಪೋರ್ಫಿರಿ. ಪಂಡಿತರು ಅವನ ಗ್ರೀಕ್ ವ್ಯಾಕರಣ ನೋಡಿ ನಕ್ಕರು. ತಪ್ಪುಗಳು ಇದ್ದವು ಅನ್ನೋದೂ ಸುಳ್ಳಲ್ಲ. ಆದರೆ ನಕ್ಕವರು ಯಾರೂ ಆ ಕೆಲಸ ಮಾಡಲಿಲ್ಲ. ಅವನಿಗೆ ಅದು ಪಾಠದ ಪುಸ್ತಕ ಅಲ್ಲ, ನಂಬಿಕೆ.

ಊರಲ್ಲಿ ಅವನನ್ನು ಕೇಳುವವರಿರಲಿಲ್ಲ. 1848ರಲ್ಲಿ ಅಮೆರಿಕದ ಲೇಖಕ ಎಮರ್ಸನ್ ಇಂಗ್ಲೆಂಡಿನಲ್ಲಿದ್ದಾಗ, ಅಮೆರಿಕದ ಲೈಬ್ರರಿಗಳಲ್ಲೆಲ್ಲ ಟೇಲರ್ ಇದ್ದಾನೆ, ಇಲ್ಲಿ ಅವನ ಹೆಸರೇ ಯಾರಿಗೂ ಗೊತ್ತಿಲ್ಲವಲ್ಲ ಅಂತ ಕವಿ ವರ್ಡ್ಸ್‌ವರ್ತ್ ಎದುರೇ ಆಶ್ಚರ್ಯಪಟ್ಟ. ಅಮೆರಿಕದಲ್ಲೇ ಅವನಿಗೆ ಎರಡನೇ ಜೀವ ಬಂತು. 1875ರಲ್ಲಿ ಅಲೆಕ್ಸಾಂಡರ್ ವೈಲ್ಡರ್ ನ್ಯೂಯಾರ್ಕಿನಲ್ಲಿ ಟೇಲರ್‌ನ ಒಂದು ಪುಸ್ತಕವನ್ನು ಹೊಸದಾಗಿ ಹೊರತಂದ. ಅದೇ ವರ್ಷ ಅದೇ ಊರಿನಲ್ಲಿ, ಎಲ್ಲ ಧರ್ಮಗಳ ಗೂಢಜ್ಞಾನ ಹುಡುಕುವ ಥಿಯಾಸಫಿಕಲ್ ಸೊಸೈಟಿ ಹುಟ್ಟಿತು. ಅದು 1882ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂತು. ಸೊಸೈಟಿ ಕಟ್ಟಿದವರಲ್ಲಿ ಒಬ್ಬರಾದ ಬ್ಲಾವಟ್ಸ್ಕಿಯವರ ಕಾರ್ಯದರ್ಶಿಯಾಗಿದ್ದ ಜಿ.ಆರ್.ಎಸ್. ಮೀಡ್, 1895ರಲ್ಲಿ ಟೇಲರ್‌ನ ಪ್ಲೊಟೈನಸ್‌ಗೆ ಮುನ್ನುಡಿ ಬರೆದು ಲಂಡನ್ನಿನ ಬೋನ್ ಅನ್ನುವ ಪುಸ್ತಕಮಾಲೆಯಲ್ಲಿ ಹೊರತಂದರು. ಅದೇ ವರ್ಷ ಡೋಬೆಲ್ ನಿಮ್ಮ ಇಯಾಂಬ್ಲಿಕಸ್ ತಂದ, ಮರುವರ್ಷ ಆರ್ಫಿಯಸ್ ತಂದ. ಅಡ್ಯಾರಿಗೂ ಕೆಜಿಎಫ್‌ಗೂ ಒಂದು ರಾತ್ರಿಯ ರೈಲು. ಬೌರಿಂಗ್‌ಪೇಟೆಯಿಂದ (ಈಗಿನ ನಿಮ್ಮ ಬಂಗಾರಪೇಟೆ) ಮಾರಿಕುಪ್ಪಂವರೆಗೆ ಹಳಿ ಬಿದ್ದದ್ದು 1894ರಲ್ಲಿ. ಗಣಿಯ ಇಂಜಿನಿಯರು, ಡಾಕ್ಟರು, ಗುಮಾಸ್ತೆ, ಕ್ಲಬ್ಬು, ಮೇಸನ್ ಲಾಡ್ಜು. ಸಂಜೆ ಹೊತ್ತು ಹೋಗದ ಓದುಗರು ಅಲ್ಲಿ ಇದ್ದೇ ಇದ್ದರು. ಅಲ್ಲಿ ಗಣಿ ನಡೆಸುತ್ತಿದ್ದದ್ದು ಜಾನ್ ಟೇಲರ್ ಅಂಡ್ ಸನ್ಸ್. ಆ ಟೇಲರ್ ಬೇರೆ, ಈ ಟೇಲರ್ ಬೇರೆ, ಆ ಗೊಂದಲ ಮಾಡಿಕೊಳ್ಳಬೇಡಿ. ನನ್ನನ್ನು ಈಗಾಗಲೇ ಇಬ್ಬರು ಕೇಳಿದ್ದಾರೆ!

ಈಗ ಆ ಪೆನ್ಸಿಲ್ ಬರಹ. 'ಊರ್ಗಾಂ, 1911'. ಅದನ್ನು ರಬ್ಬರ್ ಹಾಕಿ ಅಳಿಸಿದಿರೋ, ನಿಮ್ಮ 250 ರೂಪಾಯಿಯಲ್ಲಿ 200 ಅಲ್ಲೇ ಹೋಯಿತು. ಶೀರ್ಷಿಕೆ ಪುಟ ಇಲ್ಲದ ಪ್ರತಿಗೆ ಬೆಂಗಳೂರಿನ ವ್ಯಾಪಾರಿ ಅರ್ಧ ಬೆಲೆಯೂ ಹೇಳಲ್ಲ. ಆದರೆ ಗಣಿ ಊರಿನಲ್ಲಿ, 1911ರಲ್ಲಿ, ಯಾರೋ ಒಬ್ಬರು ಕೂತು ಇಯಾಂಬ್ಲಿಕಸ್ ಓದುತ್ತಿದ್ದರು ಅನ್ನುವ ಸಾಕ್ಷಿ ಲಂಡನ್ನಿನ ಯಾವ ಪ್ರತಿಯಲ್ಲೂ ಸಿಗಲ್ಲ. ಅಂಚಿನಲ್ಲಿ ಗೆರೆ, ಟಿಪ್ಪಣಿ ಇದೆಯಾ ಅಂತ ಪುಟ ಪುಟವೂ ನೋಡಿ. ಒಳಗೆ ರೈಲು ಟಿಕೆಟ್ಟು, ಒಣಗಿದ ಎಲೆ, ಕ್ಲಬ್ಬಿನ ಚೀಟಿ ಸಿಕ್ಕರೆ ಯಾವ ಪುಟದಲ್ಲಿತ್ತು ಅಂತ ಬರೆದಿಟ್ಟುಕೊಂಡು ಬೇರೆ ಕವರಿನಲ್ಲಿ ಹಾಕಿ.

ಅಂದ ಹಾಗೆ ಆ ಪುಸ್ತಕವೇ ಒಂದು ಪ್ರಶ್ನೋತ್ತರ, ನಮ್ಮ ಈ ಮಾತುಕತೆ ಹಾಗೆ. ಪೋರ್ಫಿರಿ ಅನ್ನುವ ತತ್ವಜ್ಞಾನಿ ಅನೆಬೋ ಎಂಬ ಈಜಿಪ್ಟಿನ ಪೂಜಾರಿಗೆ ಕಾಗದ ಬರೆದ. ದೇವರಿಗೆ ಏನೂ ಬೇಕಿಲ್ಲ ಅಂದ ಮೇಲೆ ಬಲಿ ಯಾಕೆ, ಅರ್ಥವಿಲ್ಲದ ಹೆಸರುಗಳನ್ನು ಜಪಿಸೋದು ಯಾಕೆ, ಹೀಗೆ ಒಂದರ ಮೇಲೊಂದು ಪ್ರಶ್ನೆ. ಇಯಾಂಬ್ಲಿಕಸ್ ತಾನು ಅಬಮ್ಮೋನ್ ಎಂಬ ಪೂಜಾರಿ ಅಂತ ಹೆಸರು ಹಾಕಿಕೊಂಡು ಉದ್ದಕ್ಕೆ ಉತ್ತರ ಕೊಟ್ಟ. ಬರೀ ಯೋಚನೆಯಿಂದ ಮನುಷ್ಯ ದೇವರನ್ನು ಮುಟ್ಟಲಾರ, ಕ್ರಿಯೆಯೂ ಬೇಕು ಅನ್ನೋದು ಅವನ ವಾದ. ಜ್ಞಾನ ದೊಡ್ಡದೋ ಕರ್ಮ ದೊಡ್ಡದೋ ಅಂತ ದೇವಸ್ಥಾನದ ಜಗಲಿಯಲ್ಲಿ ಜಗಳ ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ ಅಲ್ವಾ. ಓದಿ. ಓದದೆ ಕೂಡಿಸುವವರ ಬಗ್ಗೆ ನನಗೆ ಸ್ವಲ್ಪ ಅಸಹನೆ ಇದೆ.

ಎಲ್ಲಿಂದ ಶುರು ಅಂತ ಕೇಳಿದಿರಿ. 1787ರಂಥ ಮೊದಲ ಮುದ್ರಣಗಳ ಬೆನ್ನು ಹತ್ತಬೇಡಿ. ಅದು ನಮ್ಮ ಕಿಸೆಗೆ ನಿಲುಕುವ ಆಟ ಅಲ್ಲ, ಕೊಂಡರೂ ರಾತ್ರಿ ನಿದ್ದೆ ಬರಲ್ಲ. 1875ರಿಂದ 1930ರವರೆಗಿನ ತುಂಡು ಹಿಡಿಯಿರಿ, ಅದರದ್ದೇ ಒಂದು ಕಪಾಟು ಮಾಡಿ. ವೈಲ್ಡರ್, ಡೋಬೆಲ್‌ನ ಎರಡು ಮರುಮುದ್ರಣ, ಬೋನ್‌ನ ಪ್ಲೊಟೈನಸ್, 1906ರಲ್ಲಿ ಮೀಡ್ ಮೂರು ಸಂಪುಟದಲ್ಲಿ ತಂದ, ಹರ್ಮಿಸ್ ಹೆಸರಿನ ಹಳೇ ಗೂಢಬರಹಗಳು. 1911ರಲ್ಲಿ ಅದೇ ವೈಲ್ಡರ್ ನಿಮ್ಮ ಇಯಾಂಬ್ಲಿಕಸ್‌ಗೆ ಮಾಡಿದ ಬೇರೆ ಅನುವಾದ ನ್ಯೂಯಾರ್ಕಿನಲ್ಲಿ ಬಂತು, ಟೇಲರ್ ಪಕ್ಕದಲ್ಲಿ ಇಟ್ಟು ಓದಲು ಮಜಾ ಇರುತ್ತೆ. 1918ರಲ್ಲಿ ಗಥ್ರಿ ಪ್ಲೊಟೈನಸ್‌ನ ಎಲ್ಲ ಬರಹವನ್ನೂ ಬರೆದ ಕಾಲದ ಕ್ರಮದಲ್ಲಿ ನಾಲ್ಕು ಸಂಪುಟ ಮಾಡಿದ.

ಇವೆಲ್ಲಕ್ಕೂ ಮೇಲೆ ಸ್ಟೀಫನ್ ಮೆಕೆನ್ನಾ. ಐರ್ಲೆಂಡಿನ ಪತ್ರಕರ್ತ. ಪತ್ರಿಕೆ ಕೆಲಸ ಬಿಟ್ಟು, ಬಡತನ, ಕಾಯಿಲೆ ಎಲ್ಲ ಸಹಿಸಿ, 1917ರಿಂದ 1930ರವರೆಗೆ ಪ್ಲೊಟೈನಸ್‌ನ ಐದು ಸಂಪುಟ ಇಂಗ್ಲಿಷಿಗೆ ತಂದ. ಕೊನೆಯದಕ್ಕೆ ಬಿ.ಎಸ್. ಪೇಜ್ ಕೈಜೋಡಿಸಿದರು. ಆ ಇಂಗ್ಲಿಷ್ ಓದುವಾಗ ನನಗೆ ಈಗಲೂ ಮೈ ಜುಮ್ ಅನ್ನುತ್ತೆ. ಹದಿಮೂರು ವರ್ಷ ಬಿಡಿಬಿಡಿಯಾಗಿ ಬಂದದ್ದರಿಂದ ಪೂರ್ತಿ ಜೊತೆ ಒಂದೇ ಕಡೆ ಸಿಗೋದು ಕಷ್ಟ. ನನ್ನ ಹತ್ತಿರ ಮೂರಿವೆ. ಇನ್ನೆರಡಕ್ಕೆ ಇಪ್ಪತ್ತು ವರ್ಷದಿಂದ ಕಾಯುತ್ತಿದ್ದೇನೆ, ಮನೆಯವರು ಆ ಖಾಲಿ ಜಾಗದಲ್ಲಿ ಪಂಚಾಂಗ ಇಟ್ಟಿದ್ದಾರೆ. ಈ ಪ್ಲೊಟೈನಸ್ ನಮಗೆ ಅಷ್ಟು ದೂರದವನಲ್ಲ. 243ರಲ್ಲಿ, 39ನೇ ವಯಸ್ಸಿಗೆ, ಪರ್ಷಿಯಾ ಮತ್ತು ಭಾರತದವರ ತತ್ವ ತಿಳಿಯಬೇಕು ಅಂತ ರೋಮ್ ಚಕ್ರವರ್ತಿ ಗಾರ್ಡಿಯನ್‌ನ ದಂಡಿನ ಜೊತೆ ಹೊರಟ ಅಂತ ಶಿಷ್ಯ ಪೋರ್ಫಿರಿ ಬರೆದಿದ್ದಾನೆ. ಚಕ್ರವರ್ತಿ ದಾರಿಯಲ್ಲೇ ಸತ್ತ, ಇವನು ಜೀವ ಉಳಿಸಿಕೊಂಡು ಹಿಂದೆ ಓಡಿದ. ಅವನು ಬರಲಿಲ್ಲ, ಅವನ ಪುಸ್ತಕ ಗಣಿಯ ರೈಲು ಹತ್ತಿ ಬಂತು.

ಪಕ್ಕದಲ್ಲಿ ಎರಡು ಕನ್ನಡ ಪುಸ್ತಕಕ್ಕೂ ಜಾಗ ಬಿಡಿ. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀಯವರು ಸೊಫೊಕ್ಲಿಸ್‌ನ ಏಜಾಕ್ಸ್‌ನನ್ನು 'ಅಶ್ವತ್ಥಾಮನ್' ಮಾಡಿದ್ದು 1929ರಲ್ಲಿ, ಈಸ್ಕಿಲಸ್‌ನ 'ಪಾರಸಿಕರು' ತಂದದ್ದು 1935ರಲ್ಲಿ. ಅವು ನಾಟಕ, ತತ್ವ ಅಲ್ಲ, ನಿಜ. ಆದರೂ ಆ ಕಾಲದ ಮೊದಲ ಪ್ರತಿಗಳು ಹಳೇ ಮೇಷ್ಟ್ರುಗಳ ಮನೆ ಅಟ್ಟದಲ್ಲಿ ಕೂತಿರಬಹುದು, ಕೇಳಿ ನೋಡಿ.

ಹುಡುಕೋದು ಎಲ್ಲಿ ಅಂದರೆ, ಕೆಜಿಎಫ್‌ನ ಗುಜರಿ ಅಂಗಡಿಯವರ ಜೊತೆ ಒಳ್ಳೇ ಮಾತು ಇಟ್ಟುಕೊಳ್ಳಿ. ಗಣಿ 2001ರಲ್ಲಿ ಮುಚ್ಚಿದ ಮೇಲೆ ಎಷ್ಟೋ ಬಂಗಲೆ ಖಾಲಿಯಾದವು. ಆ ಪುಸ್ತಕಗಳು ಒಂದೊಂದಾಗಿ ತಕ್ಕಡಿಗೆ ಬರುತ್ತವೆ. ಬೆಂಗಳೂರಿನ ಅವೆನ್ಯೂ ರಸ್ತೆ, ಬ್ರಿಗೇಡ್ ರಸ್ತೆ ಹತ್ತಿರದ ಸೆಲೆಕ್ಟ್, ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳು ಇದ್ದೇ ಇವೆ. ನಾನು ಬೋನ್‌ನ ಪ್ಲೊಟೈನಸ್ ಕೊಂಡದ್ದು ಅವೆನ್ಯೂ ರಸ್ತೆಯ ಫುಟ್‌ಪಾತ್ ಮೇಲೆ, 180 ರೂಪಾಯಿಗೆ, ಕೆಳಗೆ ಇಂಜಿನಿಯರಿಂಗ್ ಗೈಡು, ಮೇಲೆ ಜಾತಕದ ಪುಸ್ತಕ. ಕೊಳ್ಳುವ ಮೊದಲು ನೋಡಿ ಕಲಿಯಬೇಕು ಅಂದರೆ ಬಸವನಗುಡಿಯ ವರ್ಲ್ಡ್ ಕಲ್ಚರ್ ಸಂಸ್ಥೆಯ ಲೈಬ್ರರಿಗೆ ಹೋಗಿ. ಥಿಯಾಸಫಿಯವರೇ ಆದ ಬಿ.ಪಿ. ವಾಡಿಯಾ 1945ರಲ್ಲಿ ಕಟ್ಟಿದ್ದು.

ಆನ್‌ಲೈನ್‌ನಲ್ಲಿ ಹುಷಾರು. ನಾನೇ ಮೋಸ ಹೋದವನು. '1817ರ ಪ್ಲೊಟೈನಸ್, ಚರ್ಮದ ಬೈಂಡಿಂಗ್, ಚಿನ್ನದ ಅಕ್ಷರ' ಅಂತ ಫೋಟೊ ನೋಡಿ 6,500 ರೂಪಾಯಿ ಕಳಿಸಿದೆ. ಬಂದದ್ದು ಸ್ಕ್ಯಾನ್ ಮಾಡಿ ಪ್ರಿಂಟ್ ತೆಗೆದ ಹೊಸ ಪುಸ್ತಕ, ಮೇಲೆ ಹೊಸ ಚರ್ಮ. ವಿವರದ ಕೊನೇ ಸಾಲಿನಲ್ಲಿ ಸಣ್ಣದಾಗಿ 'ಮರುಮುದ್ರಣ' ಅಂತ ಹಾಕಿದ್ದರು, ನಾನು ಓದಿರಲಿಲ್ಲ. ಅಚ್ಚುಮೊಳೆಯ ಪುಸ್ತಕವಾದರೆ ಹಾಳೆಯ ಹಿಂಭಾಗಕ್ಕೆ ಬೆರಳು ಆಡಿಸಿದಾಗ ಮೊಳೆ ಕಚ್ಚಿದ ಉಬ್ಬು ತಿಳಿಯುತ್ತೆ. ಸ್ಕ್ಯಾನ್ ಪ್ರತಿಯಲ್ಲಿ ಹಿಂಭಾಗ ನುಣ್ಣಗೆ, ಭೂತಗನ್ನಡಿ ಹಿಡಿದರೆ ಅಕ್ಷರದ ಅಂಚು ಚುಕ್ಕೆ ಚುಕ್ಕೆ. ಫೋಟೊದಲ್ಲಿ ಬೆರಳಾಡಿಸಲು ಆಗಲ್ಲವಲ್ಲ, ಅದಕ್ಕೇ ಒಂದು ಹಾಳೆ ಬೆಳಕಿಗೆ ಹಿಡಿದು ಫೋಟೊ ಕಳಿಸಿ ಅಂತ ಕೇಳಿ. ಮಾರುವವರು ಸಬೂಬು ಹೇಳಿದರೆ ಅಲ್ಲಿಗೆ ಬಿಡಿ. 1800ಕ್ಕೆ ಮುಂಚಿನದು ಅಂದರೆ ಇನ್ನೊಂದು ಗುರುತಿದೆ. ಪದದ ನಡುವಿನ 'ಎಸ್' ಅಕ್ಷರ 'ಎಫ್' ಥರ ಉದ್ದಕ್ಕೆ ನಿಂತಿರುತ್ತೆ. ಆದರೆ ಸ್ಕ್ಯಾನ್ ಪ್ರತಿಯಲ್ಲೂ ಅದು ಹಾಗೇ ಬರುತ್ತೆ, ಅದೊಂದನ್ನೇ ನಂಬಬೇಡಿ.

ಇಟ್ಟುಕೊಳ್ಳುವ ಬಗ್ಗೆ ಎರಡು ಮಾತು. ನಮ್ಮ ಕೋಲಾರದ ಒಣಹವೆ ಪುಸ್ತಕಕ್ಕೆ ಒಳ್ಳೆಯದು, ಮಂಗಳೂರಿನವರ ಪಾಡು ನಮಗಿಲ್ಲ. ನಮ್ಮ ಶತ್ರು ಧೂಳು, ಗೆದ್ದಲು, ಬೆಳ್ಳಿ ಬಣ್ಣದ ಆ ಚುರುಕು ಹುಳ. ಕಪಾಟು ಗೋಡೆಗೆ ತಾಗಿರಬಾರದು. ಗುಜರಿಯಿಂದ ತಂದದ್ದನ್ನು ಸೀದಾ ಬೇರೆ ಪುಸ್ತಕದ ಜೊತೆ ಇಡಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದ ಹಾಗೆ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿಡಿ, ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಡಿ, ಇಲ್ಲದಿದ್ದರೆ ಬೆವರುತ್ತೆ. ಮನೆಯಲ್ಲಿ ಮೊದಲೇ ಹೇಳಿ ಇಡಿ, ಐಸ್‌ಕ್ರೀಮ್ ಪಕ್ಕ ಇಯಾಂಬ್ಲಿಕಸ್ ಕಂಡರೆ ಮಾತು ಕೇಳಬೇಕಾಗುತ್ತೆ. ಹರಿದ ಹಾಳೆಗೆ ಸೆಲೋಟೇಪು, ಫೆವಿಕಾಲ್ ಎರಡೂ ವಿಷ. ಲ್ಯಾಮಿನೇಶನ್ ಅಂದರೆ ಜೀವಂತ ಸಮಾಧಿ. ಮೈದಾ ಅಂಟು, ತೆಳು ಜಪಾನಿ ಕಾಗದ, ಅದೂ ಕೈ ಪಳಗಿದ ಮೇಲೆ.

ಕಳೆದುಹೋದ ಶೀರ್ಷಿಕೆ ಪುಟಕ್ಕೆ ಸ್ಕ್ಯಾನ್‌ನಿಂದ ಒಂದು ಪ್ರಿಂಟ್ ತೆಗೆದು ಒಳಗೆ ಸುಮ್ನೆ ಇಟ್ಟುಕೊಳ್ಳಬಹುದು, ಅಂಟಿಸಬೇಡಿ. ಅದರ ಮೇಲೆ ನಕಲು ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ. ನಾಳೆ ನಿಮ್ಮ ಮೊಮ್ಮಕ್ಕಳ ಕೈಯಿಂದ ಅದು ಮತ್ತೆ ರಾಬರ್ಟ್‌ಸನ್‌ಪೇಟೆಯ ತಕ್ಕಡಿಗೆ ಹೋದಾಗ, ಎತ್ತಿಕೊಳ್ಳುವವರು ನನ್ನ ಥರ 6,500 ಕಳೆದುಕೊಳ್ಳಬಾರದು. ಸದ್ಯಕ್ಕೆ ಕೊನೇ ಪುಟದ ಅಡಿಯಲ್ಲಿ ಯಾವ ಮುದ್ರಕನ ಹೆಸರಿದೆ ಅಂತ ನೋಡಿ ತಿಳಿಸಿ. ಟೂಕ್ಸ್ ಕೋರ್ಟೋ, ಚಿಸ್ವಿಕ್ಕೋ, ನನಗೂ ಕುತೂಹಲ ಇದೆ.